ಜೋಪಾನ ಮಾಡಿಟ್ಟ ಬೀಜ ಹುಟ್ಟದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮೃಗಶಿರಾ ಮಳೆ ಬಿದ್ದು ವಾರ, ಹತ್ತು ದಿನ ಕಳೆದರೆ ವಿಜಯಪುರ, ಬಾಗಲಕೋಟೆ ಕಡೆಯ ಹಿತ್ತಲುಗಳಲ್ಲಿ ಒಂದೇ ದೂರು: ಕಳೆದ ವರ್ಷ ಬಲಿತ ಕಾಯಿ ನೋಡಿ ತೆಗೆದಿಟ್ಟ ಜವಾರಿ ಬೀಜ ಹುಟ್ಟಲೇ ಇಲ್ಲ. ಕಾರಣವೂ ದೂರಿನ ಬೆನ್ನಿಗೇ ಬರುತ್ತದೆ: "ಈ ಸಲದ ಬಿಸಿಲಿಗೆ ಸತ್ತುಹೋಗಿದೆ." ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಬಿಸಿಲನ್ನು ಬೈಯುವುದು ಸಹಜ. ಆದರೆ ನಾನು ಕಂಡಂತೆ ಬೀಜ ಬಹುತೇಕ ಸಲ ಸಾಯುವುದು ಅದಕ್ಕೂ ಹಿಂದಿನ ಮಳೆಗಾಲದಲ್ಲಿ, ಬಟ್ಟೆಯ ಗಂಟಿನೊಳಗೆ, ಯಾರೂ ಬಿಚ್ಚಿ ನೋಡದಿದ್ದಾಗ. ಕೆಲವು ಸಲ ಅದು ಸತ್ತೇ ಇರುವುದಿಲ್ಲ. ಹೀಗಾಗಿ ಡಬ್ಬಿಯಲ್ಲಿ ಉಳಿದದ್ದನ್ನು ತಿಪ್ಪೆಗೆ ಸುರಿಯುವ ಮೊದಲು ತನಿಖೆ ಆಗಬೇಕು.

ಮೊದಲು ಮಣ್ಣು ಕೆದಕಿ

ಬಿತ್ತಿದ ಜಾಗದಲ್ಲಿ ಬೆರಳಿನಿಂದ ಮಣ್ಣು ಸರಿಸಿ ಬೀಜವನ್ನು ಹುಡುಕಿ. ಬೀಜವೇ ಸಿಗದಿದ್ದರೆ ಇರುವೆಯೋ ಇಲಿಯೋ ಗುಬ್ಬಿಯೋ ಒಯ್ದಿದೆ; ಸಂಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊಳಕೆ ಹೊರಟಿದ್ದರೂ ಮೇಲೆ ಬರಲಾರದೆ ಬಾಗಿ ಹಳದಿಯಾಗಿದ್ದರೆ ನೆಲ ಹೆಪ್ಪುಗಟ್ಟಿದೆ ಎಂದರ್ಥ. ಮಸಾರಿ ನೆಲದಲ್ಲಿ ಒಂದು ಜೋರು ಮಳೆ, ಮರುದಿನ ಬಿರುಬಿಸಿಲು ಬಂದರೆ ಇದು ತಪ್ಪದು. ರಾಜಗಿರಿಯಂಥ ಸಣ್ಣ ಬೀಜವನ್ನು ಆಳಕ್ಕೆ ಹಾಕಿದರೂ ಇದೇ ಗತಿ. ಕಾದ ನೆಲಕ್ಕೆ ಮೇ ತಿಂಗಳಲ್ಲಿ ಕೊತ್ತಂಬರಿ, ಪಾಲಕ, ಗಜ್ಜರಿ ಹಾಕಿ ಹುಟ್ಟಲಿಲ್ಲ ಎನ್ನುವವರೂ ಇದ್ದಾರೆ. ಅವು ತಂಪು ಬಯಸುವ ಬೆಳೆಗಳು, ಬೀಜದ ಮೇಲೆ ಸಿಟ್ಟಾಗಿ ಫಲವಿಲ್ಲ.

ಬೀಜ ಸಿಕ್ಕಿತು, ಮೊಳಕೆ ಇಲ್ಲ. ಆಗ ಅದನ್ನು ಎರಡು ಬೆರಳ ನಡುವೆ ಒತ್ತಿ. ಮೆತ್ತಗಾಗಿ ಸಿಡಿದು ಬಿಳಿ ರಸ ಬಂದರೆ, ಮುಗ್ಗಲು ವಾಸನೆ ಹೊಡೆದರೆ ಬೀಜ ಸತ್ತಿದೆ. ಬಿತ್ತಿದಾಗ ಹೇಗಿತ್ತೋ ಹಾಗೆಯೇ ಗಟ್ಟಿಯಾಗಿ ಉಳಿದಿದ್ದರೆ ನೀರು ಒಳಗೆ ಹೋಗಿಲ್ಲ. ಉಬ್ಬಿದೆ, ಬಿಗಿಯಾಗಿದೆ, ಆದರೆ ಸುಮ್ಮನೆ ಕುಳಿತಿದೆ ಎಂದಾದರೆ ಅದು ಸುಪ್ತಾವಸ್ಥೆಯಲ್ಲಿರಬಹುದು. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಬಟ್ಟೆಯ ಪರೀಕ್ಷೆ

ಮಣ್ಣಿನಲ್ಲಿ ಹತ್ತು ಸಂಗತಿ ಬೆರೆತಿರುತ್ತವೆ. ಬೀಜವೊಂದನ್ನೇ ವಿಚಾರಿಸಬೇಕಾದರೆ ಡಬ್ಬಿಯಿಂದ ಆರಿಸದೆ, ಕಣ್ಣು ಮುಚ್ಚಿ 20 ಬೀಜ ತೆಗೆಯಿರಿ. ಚೆಂದದ ಬೀಜವನ್ನೇ ಆರಿಸಿ ಪರೀಕ್ಷಿಸಿದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಹಳೆಯ ಧೋತರದ ತುಂಡನ್ನು ನೆನೆಸಿ ಚೆನ್ನಾಗಿ ಹಿಂಡಿ, ಬೀಜಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಸಡಿಲವಾಗಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ನೆರಳಿಗೆ ಇಡಿ. ಬಟ್ಟೆ ಒದ್ದೆಯಾಗಿರಬೇಕು, ನೀರು ತೊಟ್ಟಿಕ್ಕಬಾರದು. ದಿನಕ್ಕೊಮ್ಮೆ ಬಿಚ್ಚಿ ಗಾಳಿ ಆಡಿಸಿ.

ಅಲಸಂದೆ ಒಂದು ವಾರದೊಳಗೆ ಉತ್ತರ ಕೊಡುತ್ತದೆ. ಉಳ್ಳಾಗಡ್ಡಿಗೆ 12 ದಿನ, ಟೊಮೆಟೊ, ಬದನೆ, ಮೆಣಸಿನಕಾಯಿಗೆ 14 ದಿನ ಕಾಯಬೇಕು. ಬೆಂಡೆ, ಕೊತ್ತಂಬರಿಗಳಿಗೆ ಮೂರು ವಾರದ ತನಕ ಅವಕಾಶ ಕೊಡಿ. 20ರಲ್ಲಿ 20 ಹುಟ್ಟಬೇಕೆಂದು ಕೂರಬೇಡಿ. ಪ್ರಮಾಣೀಕೃತ ಬೀಜಕ್ಕೆ ನಮ್ಮ ದೇಶದಲ್ಲಿ ಕೇಳುವ ಕನಿಷ್ಠ ಮೊಳಕೆ ಪ್ರಮಾಣವೇ ಟೊಮೆಟೊ, ಬದನೆ, ಉಳ್ಳಾಗಡ್ಡಿಗೆ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60. ನಿಮ್ಮ ಬದನೆ 20ರಲ್ಲಿ 15 ಹುಟ್ಟಿದರೆ ಅದು ಅಂಗಡಿಯ ಪೊಟ್ಟಣಕ್ಕೆ ಕಡಿಮೆಯಿಲ್ಲ. ದೋಷವನ್ನು ಹೊಲದಲ್ಲಿ ಹುಡುಕಿ.

ಎಷ್ಟು ಹುಟ್ಟಿತು ಎಂಬುದರಷ್ಟೇ ಹೇಗೆ ಹುಟ್ಟಿತು ಎಂಬುದೂ ಮುಖ್ಯ. ಒಂದು ನಾಲ್ಕನೇ ದಿನಕ್ಕೆ, ಇನ್ನೊಂದು ಹನ್ನೆರಡನೇ ದಿನಕ್ಕೆ ಮೊಳೆತು, ಬೇರಿನ ತುದಿ ಕಂದಾಗಿ ಮೊಂಡಾಗಿದ್ದರೆ ಬೀಜಕ್ಕೆ ವಯಸ್ಸಾಗಿದೆ. ಬಟ್ಟೆಯಲ್ಲಿ ಮೊಳೆತ ಇಂಥ ಬೀಜ ಮಣ್ಣನ್ನು ಸೀಳಿ ಬರಲಾರದು, ಬಂದರೂ ಸಸಿ ಮಡಿಯಲ್ಲಿ ಬುಡ ಕೊಳೆತು ಮಲಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನೀರಿನಲ್ಲಿ ಹಾಕಿ ಮುಳುಗಿದ್ದು ಜೀವಂತ, ತೇಲಿದ್ದು ಸತ್ತಿದ್ದು ಎಂದು ನಿರ್ಧರಿಸುವ ರೂಢಿಯೊಂದಿದೆ. ಕಾಯಿಯಿಂದ ಬೀಜ ತೆಗೆಯುವಾಗ ಜೊಳ್ಳು ಬೇರ್ಪಡಿಸಲು ಅದು ಸರಿ. ಆದರೆ ಡಬ್ಬಿಯಲ್ಲಿಯೇ ಸತ್ತ ತುಂಬು ಬೀಜವೂ ಮುಳುಗುತ್ತದೆ. ಹಳೆಯ ಬೀಜದ ಜೀವ ತಿಳಿಯಲು ಈ ವಿಧಾನ ನಯಾಪೈಸೆ ಉಪಯೋಗವಿಲ್ಲ. ಮೇಲಾಗಿ ಒಣ ಬೀಜವನ್ನು ನೆನೆಸಿದಂತಾಗುತ್ತದೆ.

ಬೀಜ ಸತ್ತಿದೆ: ತೇವದ ಕತೆ

ಇದೇ ದೊಡ್ಡ ದೋಷ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಹೇಳಿದ ಸರಳ ಲೆಕ್ಕವೊಂದಿದೆ. ಬೀಜದೊಳಗಿನ ತೇವಾಂಶ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರಾಗಿ ದುಪ್ಪಟ್ಟಾಗುತ್ತದೆ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ದುಪ್ಪಟ್ಟಾಗುತ್ತದೆ. ತೇವಾಂಶ ಶೇ 5ರಿಂದ 14ರ ನಡುವೆ ಇದ್ದಾಗ ಈ ಲೆಕ್ಕ ಹೊಂದುತ್ತದೆ. ಈಗ ನಮ್ಮ ಮನೆಗೆ ಅನ್ವಯಿಸಿ ನೋಡಿ. 35 ಡಿಗ್ರಿಯ ಕೋಣೆಯಿಂದ 25 ಡಿಗ್ರಿಯ ಜಾಗಕ್ಕೆ ಸಾಗಿಸಿದರೆ ಆಯುಸ್ಸು ನಾಲ್ಕು ಪಟ್ಟು. ತೇವಾಂಶವನ್ನು ಶೇ 12ರಿಂದ 7ಕ್ಕೆ ಇಳಿಸಿದರೆ 32 ಪಟ್ಟು. ಫ್ರಿಜ್ ಇಲ್ಲವೆಂದು ಕೊರಗುವ ಬದಲು ಬೀಜವನ್ನು ಸರಿಯಾಗಿ ಒಣಗಿಸಿ ಗಾಳಿಯಾಡದಂತೆ ಮುಚ್ಚಬೇಕು ಎನ್ನುವುದು ಇದಕ್ಕೇ.

ಒಣಗಿಸುವ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ ಸೀಮೆ. ಮಾರ್ಚಿನಿಂದ ಮೇವರೆಗೆ ವಿಜಯಪುರದ ಮಧ್ಯಾಹ್ನದ ಗಾಳಿ ಎಷ್ಟು ಒಣಗಿರುತ್ತದೆಂದರೆ ತೊಳೆದು ಹರವಿದ ಬಟ್ಟೆ ತಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ. ಅದೇ ಗಾಳಿ ಬೀಜವನ್ನೂ ಒಣಗಿಸುತ್ತದೆ, ನೆರಳಿನಲ್ಲಿಯೇ. ಆದರೆ ಬೀಜ ಪಡೆದ ತೇವವನ್ನು ಬಿಡುವಂತೆಯೇ ಬಿಟ್ಟ ತೇವವನ್ನು ಮತ್ತೆ ಪಡೆಯುತ್ತದೆ. ಫೆಬ್ರುವರಿಯಲ್ಲಿ ಗರಿಗರಿಯಾಗಿ ಒಣಗಿದ ಬೀಜ ಬಟ್ಟೆಯ ಗಂಟಿನಲ್ಲಿದ್ದರೆ ಜುಲೈ ಹೊತ್ತಿಗೆ ಹೊರಗಿನ ಗಾಳಿಯೊಂದಿಗೆ ರಾಜಿಯಾಗಿ ಶೇ 12 ಮುಟ್ಟುವುದು ಕಷ್ಟವಲ್ಲ. ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೂ ಗಂಟು ತೇವ ಕುಡಿಯುತ್ತಲೇ ಇರುತ್ತದೆ. ಮುಂದಿನ ಬೇಸಿಗೆಯಲ್ಲಿ ಬೀಜ ಮತ್ತೆ ಒಣಗುತ್ತದೆ, ಕೈಗೆ ಗರಿಗರಿ ಎನ್ನುತ್ತದೆ. ನಾವು ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಒಳಗಿನ ಜೀವ ಆಗಲೇ ಹೋಗಿರುತ್ತದೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ರೋಹಿಣಿ ಮಳೆಗೆ ಮುಂಚೆ ಡಬ್ಬಿ ಮುಚ್ಚಿತ್ತೇ? ಇಲ್ಲವೆಂದಾದರೆ ಕಾರಣ ಸಿಕ್ಕಿತು.

ಮುಂದಿನ ಸಲಕ್ಕೆ ಹೀಗೆ ಮಾಡಿ. ಹೊರಸಿನ ಮೇಲೆ ತೆಳು ಬಟ್ಟೆ ಹಾಸಿ, ಬೀಜವನ್ನು ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ಗಾಳಿಗೆ ಬಿಡಿ. ಹೊರಸಿನ ಕೆಳಗಿನಿಂದಲೂ ಗಾಳಿ ಆಡುವುದು ಅನುಕೂಲ. ತಗಡಿನ ಮೇಲೆ, ತಾಡಪತ್ರಿಯ ಮೇಲೆ, ಸಿಮೆಂಟಿನ ಮಾಳಿಗೆಯ ಮೇಲೆ ಏಪ್ರಿಲ್ ಬಿಸಿಲಿಗೆ ಹಾಕಬೇಡಿ. ಹಸಿ ಬೀಜ 40 ಡಿಗ್ರಿಗಿಂತ ಹೆಚ್ಚು ಕಾದರೆ ಒಳಗೆ ಬೆಂದುಹೋಗುತ್ತದೆ, ಕಾದ ತಗಡು ಅದನ್ನು ಎಷ್ಟೋ ದಾಟಿರುತ್ತದೆ. ಬಿಸಿಲೇ ಬೇಕೆಂದರೆ ಬೆಳಗಿನ ಎಳೆ ಬಿಸಿಲು ಸಾಕು. ರಾತ್ರಿ ಒಳಗೆ ತನ್ನಿ. ಡಬ್ಬಿಗೆ ತುಂಬುವುದನ್ನು ಮಾತ್ರ ಮಧ್ಯಾಹ್ನವೇ ಮಾಡಿ: ದಿನದ ಅತಿ ಒಣ ಗಾಳಿ ಆಗಿನದು, ಮುಂಜಾನೆಯದಲ್ಲ.

ಒಣಗಿದೆಯೋ ಇಲ್ಲವೋ

"ಕೈಗೆ ಒಣಗಿದಂತಿತ್ತು" ಎನ್ನುವ ಸಾಕ್ಷಿ ನಡೆಯುವುದಿಲ್ಲ. ಮೊದಲ ಜರಡಿ ಉಪ್ಪಿನದು. ಪುಡಿ ಉಪ್ಪನ್ನು ಹಂಚಿನ ಮೇಲೆ ಹುರಿದು ಆರಿಸಿ. ಒಣಗಿದ ಗಾಜಿನ ಬಾಟಲಿಯ ಕಾಲುಭಾಗ ಬೀಜ ತುಂಬಿ, ಒಂದು ಚಮಚ ಉಪ್ಪು ಹಾಕಿ, ಮುಚ್ಚಿ ಅಲುಗಾಡಿಸಿ, ಕಾಲು ಗಂಟೆ ಬಿಡಿ. ಉಪ್ಪಿನ ಕಣ ಗಾಜಿಗೆ ಅಂಟಿದರೆ ತೇವಾಂಶ ಸುಮಾರು ಶೇ 15ಕ್ಕಿಂತ ಮೇಲಿದೆ, ಮುಚ್ಚಿಡುವ ಮಾತೇ ಬೇಡ. ಅಂಟದಿದ್ದರೆ 15ಕ್ಕಿಂತ ಕೆಳಗಿದೆ ಎಂದಷ್ಟೇ. ಇಲ್ಲಿ ಹಲವರು ಎಡವುತ್ತಾರೆ. ತಿನ್ನುವ ಕಾಳಿಗೆ ಸಾಕಾಗುವ ಈ ಒಣಗು, ಗಾಳಿಯಾಡದ ಡಬ್ಬಿಯಲ್ಲಿಡುವ ಬೀಜಕ್ಕೆ ಸಾಲದು. ಅಲ್ಲಿ ತರಕಾರಿ ಬೀಜ ಶೇ 6ರಿಂದ 8ರಲ್ಲಿರಬೇಕು.

ಅಷ್ಟು ಕೆಳಗೆ ಇಳಿದಿದೆಯೇ ಎಂದು ತಿಳಿಯಲು ಎರಡು ದಾರಿ. ಕುಂಬಳ, ಸೋರೆ, ಸೌತೆ ಬೀಜವನ್ನು ಬಾಗಿಸಿದರೆ ಬಳುಕಬಾರದು, ಚಟ್ಟನೆ ಮುರಿಯಬೇಕು. ಅಲಸಂದೆ, ಅವರೆ ಕಾಳನ್ನು ಕಲ್ಲಿನಿಂದ ಜಜ್ಜಿದರೆ ಅಪ್ಪಚ್ಚಿಯಾಗದೆ ಪುಡಿಯಾಗಬೇಕು. ಬದನೆ, ಮೆಣಸಿನಕಾಯಿಯಂಥ ಸಣ್ಣ ಬೀಜಕ್ಕೆ ತೇವ ಹೀರುವ ಹರಳಾದ ನೀಲಿ ಸಿಲಿಕಾ ಜೆಲ್ ಒಳ್ಳೆಯ ಸಾಕ್ಷಿ. ಬೀಜದ ಬಾಟಲಿಗೆ ಬಟ್ಟೆಯಲ್ಲಿ ಕಟ್ಟಿದ ನಾಲ್ಕಾರು ಹರಳು ಹಾಕಿ ಮುಚ್ಚಿ. ಮರುದಿನಕ್ಕೆ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಬೀಜ ಇನ್ನೂ ಹಸಿ. ಆಗ ಬೀಜದ ತೂಕದಷ್ಟೇ ಜೆಲ್ ಹಾಕಿ ಒಂದು ವಾರ ಬಿಟ್ಟು ತೆಗೆದರೆ ಕೆಲಸ ಮುಗಿಯಿತು. ಗುಲಾಬಿಯಾದ ಹರಳನ್ನು ಬಿಸಿ ಮಾಡಿ ಮತ್ತೆ ನೀಲಿಗೆ ತರಬಹುದು. ನೀಲಿ ಹರಳಿನ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ. ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಜೆಲ್ ಸಿಗದಿದ್ದರೆ ಅಕ್ಕಿಯನ್ನು ಕೆಂಪಗೆ ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಆರಿಸಿ, ಅದೇ ರೀತಿ ಗಂಟು ಕಟ್ಟಿ ಹಾಕಿ. ಸ್ವಲ್ಪ ನಿಧಾನ, ಆದರೆ ನಡೆಯುತ್ತದೆ.

ಬೆಳಗಾವಿ ಜಿಲ್ಲೆಯವರಿಗೆ, ಅದರಲ್ಲೂ ಖಾನಾಪುರದ ಕಡೆಯವರಿಗೆ ಬರೀ ಗಾಳಿಯನ್ನು ನಂಬಿ ಎಂದು ಹೇಳಲಾರೆ. ಅಲ್ಲಿ ಜೂನ್ ಹಿಡಿದ ಮಳೆ ಬಿಡುವುದೇ ಇಲ್ಲ. ಮಳೆಗಾಲದಲ್ಲಿ ಬಲಿತ ಬೆಂಡೆ, ಸೌತೆಯ ಬೀಜಕ್ಕೆ ಜೆಲ್ ಅಥವಾ ಹುರಿದ ಅಕ್ಕಿ ಕಡ್ಡಾಯ. ಬಯಲುಸೀಮೆಯಲ್ಲಿಯೂ ಸೆಪ್ಟೆಂಬರಿನಲ್ಲಿ ತೆಗೆದ ಬೀಜವನ್ನು ಸಂಕ್ರಾಂತಿಯ ನಂತರ ಮತ್ತೊಮ್ಮೆ ಹರವಿ ಒಣಗಿಸಿ ಮುಚ್ಚುವುದು ಜಾಣತನ.

ಡಬ್ಬಿ ಮುಚ್ಚಿದ್ದರೂ ಹಾಳಾಗಿದ್ದರೆ

ಎರಡು ಸಾಧ್ಯತೆ. ಹಸಿ ಬೀಜವನ್ನೇ ಮುಚ್ಚಿದ್ದಿರಿ. ಬೀಜ ಉಸಿರಾಡಿ ಬೆವರಿ ಬೂಷ್ಟು ಹಿಡಿಯಿತು. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ತಿಳಿಯುತ್ತದೆ. ಹಸಿ ಬೀಜವನ್ನು ಬಿಗಿಯಾಗಿ ಮುಚ್ಚುವುದಕ್ಕಿಂತ ತೆರೆದಿಡುವುದೇ ವಾಸಿ. ಇಲ್ಲವೇ ಮುಚ್ಚಳ ಸೋರುತ್ತಿದೆ. ಬಾಟಲಿಗೆ ನೀರು ತುಂಬಿ ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಒಂದು ಹನಿ ಹೊರಬಂದರೂ ಆ ಬಾಟಲಿ ಬೀಜಕ್ಕಲ್ಲ. ಪಾಸಾದರೆ ಪೂರ್ತಿ ಒಣಗಿಸಿಯೇ ಬಳಸಿ. ತೆಳು ಪ್ಲಾಸ್ಟಿಕ್ ಚೀಲ ಗಂಟು ಹಾಕಿದ್ದರೂ ನಿಧಾನವಾಗಿ ತೇವ ಬಿಟ್ಟುಕೊಳ್ಳುತ್ತದೆ. ಉಪ್ಪಿನಕಾಯಿಯ ಬಾಟಲಿಯಾದರೆ ಮುಚ್ಚಳದ ಸುರುಳಿಯಲ್ಲಿ ಉಪ್ಪು ಉಳಿಯದಂತೆ ಉಜ್ಜಿ ತೊಳೆಯಿರಿ, ಉಪ್ಪು ತಾನೇ ನೀರು ಎಳೆಯುತ್ತದೆ.

ಜಾಗದ ಬಗ್ಗೆ ಒಂದು ಮಾತು. ನಮ್ಮ ಹಿರಿಯರು ಹೀರೆ, ಸೋರೆಯ ಬಲಿತ ಕಾಯಿಯನ್ನು ಅಡುಗೆಮನೆಯ ಜಂತಿಗೆ ಕಟ್ಟಿ ತೂಗಹಾಕುತ್ತಿದ್ದರು. ಕೆಳಗೆ ದಿನವಿಡೀ ಕಟ್ಟಿಗೆಯ ಒಲೆ, ಮೇಲೆ ಬೆಚ್ಚಗಿನ ಹೊಗೆ. ತೇವ ನಿಲ್ಲುತ್ತಿರಲಿಲ್ಲ, ಹುಳುವೂ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಒಲೆ ಹೋಗಿ ಗ್ಯಾಸ್ ಬಂತು, ಹೊಗೆ ಹೋಗಿ ಕುಕ್ಕರಿನ ಹಬೆ ಬಂತು, ಬೀಜದ ಡಬ್ಬಿ ಮಾತ್ರ ಅದೇ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಉಳಿಯಿತು. ಇಡೀ ಮನೆಯಲ್ಲಿ ಬೀಜಕ್ಕೆ ಅದಕ್ಕಿಂತ ಕೆಟ್ಟ ಜಾಗ ತಗಡಿನ ಚಾವಣಿಯ ಕೋಣೆಯೊಂದೇ. ಮಣ್ಣಿನ ಮಾಳಿಗೆ ಮನೆ ಇರುವವರು ಒಳಕೋಣೆಯ ದಪ್ಪ ಗೋಡೆಯ ಗೂಡಿನಲ್ಲಿ, ನೆಲಕ್ಕೆ ಹತ್ತಿರವಾಗಿ ಇಡಿ. ಬೇಸಿಗೆಯ ಮಧ್ಯಾಹ್ನವೂ ಅಲ್ಲಿ ತಂಪಿರುತ್ತದೆ.

ಫ್ರಿಜ್ ಒಳ್ಳೆಯದೇ, ಆದರೆ ಬಿಗಿ ಬಾಟಲಿಯಲ್ಲಿ ಮಾತ್ರ, ಅದರೊಳಗೂ ತೇವವಿರುತ್ತದೆ. ಹೊರತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ. ತಣ್ಣನೆಯ ಬೀಜದ ಮೇಲೆ ಜೂನ್ ತಿಂಗಳ ಗಾಳಿ ಬಡಿದರೆ ಕ್ಷಣದಲ್ಲಿ ಹನಿಗಟ್ಟುತ್ತದೆ, ವರ್ಷದ ಜೋಪಾನ ಅಲ್ಲಿಗೆ ಮುಗಿಯುತ್ತದೆ.

ಉಳ್ಳಾಗಡ್ಡಿಯ ಮಾತೇ ಬೇರೆ

ಟೊಮೆಟೊ, ಬದನೆ, ಸೌತೆ ಸಾಧಾರಣ ಜೋಪಾನದಲ್ಲಿಯೂ ನಾಲ್ಕು ವರ್ಷ ತಾಳುತ್ತವೆ. ಮೆಣಸಿನಕಾಯಿ, ಬೆಂಡೆ ಎರಡು ವರ್ಷದ ಗಿರಾಕಿಗಳು. ಉಳ್ಳಾಗಡ್ಡಿ ಒಂದೇ ವರ್ಷ. ಏಪ್ರಿಲ್, ಮೇ ಹೊತ್ತಿಗೆ ಗುಂಡು ಹೂವಿನಿಂದ ಉದುರಿಸಿದ ಬೀಜವನ್ನು ಅದೇ ಜೂನಿನಲ್ಲಿ ಮಡಿಗೆ ಹಾಕಿದರೆ ತೊಂದರೆಯಿಲ್ಲ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಎಂದು ಚೀಲದಲ್ಲಿಟ್ಟರೆ ಅದು ಒಂದು ಪೂರ್ತಿ ಮಳೆಗಾಲ ದಾಟಬೇಕು, ದಾಟುವುದಿಲ್ಲ. ನೋಡಲು ಹಾಗೆಯೇ ಕಪ್ಪಗೆ ಇರುತ್ತದೆ. ಎರಡನೇ ವರ್ಷದ ಉಳ್ಳಾಗಡ್ಡಿ ಬೀಜವನ್ನು ಬಟ್ಟೆಯ ಪರೀಕ್ಷೆ ಮಾಡದೆ ಮಡಿಗೆ ಹಾಕುವುದು, ನೆರೆಮನೆಯವರಿಗೆ ಕೊಡುವುದು ಎರಡೂ ತಪ್ಪು. ಶೇ 6ಕ್ಕೆ ಒಣಗಿಸಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಟ್ಟರೆ ಮಾತ್ರ ಎರಡು, ಮೂರು ವರ್ಷದ ಮಾತು ಆಡಬಹುದು.

ತೂತು ಬಿದ್ದಿದ್ದರೆ

ಅಲಸಂದೆ, ಹೆಸರು, ಮಡಿಕೆ, ಅವರೆಗಳ ಡಬ್ಬಿಯ ತಳದಲ್ಲಿ ಹಿಟ್ಟು ಕಂಡರೆ ನುಸಿ ಹತ್ತಿದೆ. ಒಂದು ಕಾಳನ್ನು ಅಂಗೈಯಲ್ಲಿಟ್ಟು ಬೆಳಕಿಗೆ ತಿರುಗಿಸಿ. ಸಿಪ್ಪೆಗೆ ಸುಣ್ಣದ ಚುಕ್ಕಿಯಂತೆ ಅಂಟಿಕೊಂಡಿರುವುದು ಮೊಟ್ಟೆ. ಮರಿ ಅದರ ಅಡಿಯಿಂದಲೇ ನೇರವಾಗಿ ಕಾಳಿಗೆ ಕೊರೆದು ಇಳಿಯುತ್ತದೆ, ಹೊರಗೆ ದಾರಿ ಕಾಣುವುದಿಲ್ಲ. ಕೆಲವು ಕಾಳಿನಲ್ಲಿ ತೂತಿನ ಬದಲು ಮಸುಕಾದ ದುಂಡು ಗುರುತು ಮಾತ್ರ ಇರುತ್ತದೆ. ಉಗುರಿನಿಂದ ಒತ್ತಿ, ತೆಳು ಸಿಪ್ಪೆ ಮುಚ್ಚಳವಾಗಿ ಎದ್ದುಬರುತ್ತದೆ. ಒಳಗೆ ಹೊರಡಲು ಸಿದ್ಧವಾದ ದುಂಬಿ ಕಾಲು ಮಡಚಿಕೊಂಡು ಕುಳಿತಿರುತ್ತದೆ. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ದುಂಬಿಗೆ ಸುಮಾರು ಒಂದು ತಿಂಗಳು ಸಾಕು. ಹಾಗಾಗಿ ಡಿಸೆಂಬರಿನಲ್ಲಿ ನಾಲ್ಕು ಕಾಳಿಗಿದ್ದ ಹುಳು ಏಪ್ರಿಲ್‌ಗೆ ಇಡೀ ಡಬ್ಬಿಯನ್ನು ಮುಗಿಸಿರುತ್ತದೆ.

"ಡಬ್ಬಿ ಇಷ್ಟು ಬಿಗಿಯಿದ್ದರೂ ಎಲ್ಲಿಂದ ಬಂತು?" ಎಂದು ಕೇಳುತ್ತಾರೆ. ಹೊಲದಿಂದ ಬಂತು. ಕಾಯಿ ಬಳ್ಳಿಯಲ್ಲಿ ಬಲಿಯುವಾಗಲೇ ದುಂಬಿ ಮೊಟ್ಟೆ ಇಟ್ಟಿರುತ್ತದೆ, ನಾವು ಅದನ್ನೂ ಸೇರಿಸಿ ಮುಚ್ಚುತ್ತೇವೆ. ಚೆನ್ನಾಗಿ ಒಣಗಿದ ಕಾಳನ್ನು ಬಾಟಲಿ ಸಮೇತ ಫ್ರೀಜರಿನಲ್ಲಿ, ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಒಂದು ವಾರ ಇಟ್ಟರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲವೂ ಸಾಯುತ್ತವೆ. ಒಂದೇ ಬಾಗಿಲಿನ ಹಳೆಯ ಫ್ರಿಜ್‌ನ ಮಂಜಿನ ಪೆಟ್ಟಿಗೆ ಅಷ್ಟು ತಣ್ಣಗಾಗದು, ಅದನ್ನು ನಂಬಬೇಡಿ. ಹಸಿ ಕಾಳನ್ನು ಫ್ರೀಜರಿಗೆ ಹಾಕಿದರೆ ಒಳಗೆ ಮಂಜು ಕಟ್ಟಿ ಹುಳುವಿನ ಜೊತೆ ಬೀಜವೂ ಸಾಯುತ್ತದೆ. ಫ್ರೀಜರ್ ಇಲ್ಲದವರು ಕಿಲೋ ಕಾಳಿಗೆ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿ ಔಡಲೆಣ್ಣೆ ಸವರಬಹುದು. ಮೊಟ್ಟೆಗೆ ಉಸಿರು ಕಟ್ಟುತ್ತದೆ. ಹೆಚ್ಚು ಸುರಿದರೆ ಮೊಳಕೆಗೇ ಪೆಟ್ಟು. ಜರಡಿ ಹಿಡಿದ ಒಣ ಬೂದಿಯಲ್ಲಿ ಕಾಳು ಹುಗಿದಿಡುವ ಹಳೆಯ ಕ್ರಮವೂ ಸಣ್ಣ ಪ್ರಮಾಣಕ್ಕೆ ಚೆನ್ನಾಗಿಯೇ ಇದೆ. ಬರೀ ನಾಲ್ಕು ಬೇವಿನ ಎಲೆ ಹಾಕಿ ನಿಶ್ಚಿಂತರಾಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಎಲೆ ಹಸಿಯಿದ್ದರಂತೂ ತೇವವನ್ನು ನಾವೇ ಕರೆದು ಕೂರಿಸಿದಂತೆ.

ಬೀಜ ಬದುಕಿದೆ, ಹುಟ್ಟುತ್ತಿಲ್ಲ

ಬೆಂಡೆ, ಹಾಗಲ, ಚವಳಿ (ಗೋರಿಕಾಯಿ), ಅಲಸಂದೆಗಳಲ್ಲಿ ಕೆಲವು ಬೀಜ ನೀರನ್ನೇ ಒಳಗೆ ಬಿಡುವುದಿಲ್ಲ. ಚೆನ್ನಾಗಿ ಒಣಗಿಸಿದಷ್ಟೂ ಇಂಥವು ಹೆಚ್ಚುತ್ತವೆ. ಹಾಗಲದ ಚೂಪು ತುದಿಯ ಸಿಪ್ಪೆಯನ್ನು ಉಗುರು ಕತ್ತರಿಯಿಂದ ತುಸುವೇ ಚಿವುಟಿ. ಬೆಂಡೆಯನ್ನು ಮರಳು ಕಾಗದದ ಮೇಲೆ ಎರಡು ಸಲ ಉಜ್ಜಿ ರಾತ್ರಿ ನೆನೆಸಿ. ಅಲಸಂದೆ, ಅವರೆಗಳನ್ನು ಮಾತ್ರ ಡಬ್ಬಿಯಿಂದ ತೆಗೆದು ನೇರವಾಗಿ ನೀರಿಗೆ ಸುರಿಯಬೇಡಿ. ತೀರಾ ಒಣಗಿದ ಕಾಳು ಒಮ್ಮೆಲೇ ನೀರು ಕುಡಿದರೆ ಬೇಳೆ ಬಿರುಕು ಬಿಡುತ್ತದೆ. ಒಂದು ರಾತ್ರಿ ಒದ್ದೆ ಬಟ್ಟೆಯ ಪಕ್ಕದಲ್ಲಿಟ್ಟು ಮರುದಿನ ಬಿತ್ತಿ.

ಈಗಷ್ಟೇ ತೆಗೆದ ಬದನೆ, ಸೌತೆ, ಹಾಗಲದ ಬೀಜ ಕೆಲವು ವಾರ ನಿದ್ದೆ ಮಾಡುವುದೂ ಉಂಟು. ಉಬ್ಬಿದ, ಬಿಗಿಯಾದ, ಕೊಳೆಯದ ಬೀಜ ಕಂಡರೆ ಒಂದು, ಎರಡು ತಿಂಗಳು ಬಿಟ್ಟು ಉಳಿದ ಬೀಜವನ್ನು ಪರೀಕ್ಷಿಸಿ. ಹಸಿರು ಬದನೆ, ತಿನ್ನುವ ಹದದ ಸೌತೆಯಿಂದ ತೆಗೆದ ಎಳೆ ಬೀಜವಾದರೆ ಕಾಯಬೇಡಿ. ಅದು ಎಂದೂ ಬೀಜವಾಗಿರಲಿಲ್ಲ. ಬದನೆಯೂ ಸೌತೆಯೂ ಗಿಡದಲ್ಲಿಯೇ ಹಳದಿಯಾಗಿ ಮೆತ್ತಗಾಗಬೇಕು.

ಎಲ್ಲವೂ ಹುಟ್ಟಿ, ಕಾಯಿ ಮಾತ್ರ ತಾಯಿಗಿಡದ ಹಾಗಿಲ್ಲವೆಂದರೆ ಹೈಬ್ರಿಡ್ ಗಿಡದಿಂದ ಬೀಜ ತೆಗೆದಿದ್ದೀರಿ, ಇಲ್ಲವೇ ಪಕ್ಕದ ಬಳ್ಳಿಯ ಪರಾಗ ಜೇನುಹುಳು ತಂದಿದೆ. ಅದಕ್ಕೆ ಡಬ್ಬಿಯಲ್ಲಿ ಔಷಧವಿಲ್ಲ.

ಅರೆಜೀವ ಉಳಿದ ಬೀಜ

ಪರೀಕ್ಷೆಯಲ್ಲಿ 20ಕ್ಕೆ ಹತ್ತು ಹುಟ್ಟಿದರೆ ದುಪ್ಪಟ್ಟು ಬಿತ್ತಿ, ಈ ವರ್ಷವೇ ಮುಗಿಸಿ. 20ಕ್ಕೆ ಎರಡೋ ಮೂರೋ ಹುಟ್ಟಿ, ತಳಿ ಬೇರೆಲ್ಲೂ ಸಿಗದ ಜವಾರಿಯಾಗಿದ್ದರೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಮುಚ್ಚಿಡಬೇಡಿ, ಆಗ ಅದೂ ಇರುವುದಿಲ್ಲ. ಅಷ್ಟನ್ನೂ ಈಗಲೇ ಒದ್ದೆ ಬಟ್ಟೆಯಲ್ಲಿ ಮೊಳಕೆಗೆ ಇಡಿ. ಬೇರು ಬಂದ ಒಂದೊಂದನ್ನೇ ಎಚ್ಚರದಿಂದ ಎತ್ತಿ, ಎರೆಗೊಬ್ಬರ ಬೆರೆಸಿದ ಸಡಿಲ ಮಣ್ಣಿನ ಚಿಕ್ಕ ಕುಂಡಕ್ಕೆ ಹಾಕಿ, ಬಲಿತ ಮೇಲೆ ನೆಲಕ್ಕೆ ಇಳಿಸಿ. ಆ ಗಿಡಗಳ ಮೊದಲ ಕಾಯಿಗಳನ್ನು ಪಲ್ಯಕ್ಕೆ ಕೀಳದೆ ಬೀಜಕ್ಕೆ ಬಿಡಿ, ಕಾಂಡಕ್ಕೆ ಬಣ್ಣದ ದಾರ ಕಟ್ಟಿದರೆ ಮನೆಯವರು ತಪ್ಪಿ ಕೀಳುವುದಿಲ್ಲ. ಹೊಸ ಬೀಜ ಒಣಗಿದಾಗ ತಳಿಯ ಹೆಸರು, ತೆಗೆದ ತಿಂಗಳು, ವರ್ಷ ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಿ. ಹೊರಗೆ ಅಂಟಿಸಿದ್ದು ಮಳೆಗಾಲದಲ್ಲಿ ಕಳಚಿಬೀಳುತ್ತದೆ.